ಮಡಿಯ ಹೋಳಿಗೆ

ಮದುವೆಯಾದ ಮೇಲೆ ನನಗೆ ಅದು ಮೊದಲ ಯುಗಾದಿ. ಮಡಿಸೀರೆಯುಟ್ಟು ಬೆಳಗಿನಿಂದ ಹೋಳಿಗೆ ತಟ್ಟಿ ತಟ್ಟಿ ಸೊಂಟ ಬಿದ್ದುಹೋಗಿತ್ತು. ಅತ್ತೆಯವರ ಮಡಿ ಬಹಳ ಕಟ್ಟುನಿಟ್ಟು. ಹೊರಗಿನಿಂದ ಬಂದವರು ಮುಟ್ಟಿದರೆ ಮುಗಿಯಿತು, ಮತ್ತೆ ಒಲೆಯ ಹತ್ತಿರ ಸುಳಿಯುವಂತಿಲ್ಲ.

ಮಾರುಕಟ್ಟೆಯಿಂದ ಬಂದ ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ನೆಟ್ಟಗೆ ಒಳಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

“ಹಬ್ಬದ ದಿನ ಆಶೀರ್ವಾದ ಮಾಡೋದೇ ಮರೆತಿದ್ದೆ ಮಗು. ಚೆನ್ನಾಗಿರು.”

ದೇವರಮನೆಯಿಂದ ಅತ್ತೆ ಧಾವಿಸಿ ಬಂದರು. “ಅಯ್ಯೋ, ಮಡಿ ಕೆಡಿಸಿಬಿಟ್ರಲ್ರೀ! ಅವಳ ಇನ್ನೊಂದು ಮಡಿಸೀರೆ ಒಣಗೇ ಇಲ್ಲ. ಹೋಳಿಗೆ ಯಾರು ಮಾಡ್ತಾರೆ, ನೀವು ಮಾಡ್ತೀರಾ?”

“ನೀನು ಮಡೀಲೇ ಇದ್ದೀಯಲ್ಲ, ಮಾಡು. ಅವಳು ಸ್ವಲ್ಪ ಕೂತ್ಕೊಳ್ಳಲಿ.”

ಅತ್ತೆ ಗೊಣಗುತ್ತಲೇ ಒಲೆಯ ಮುಂದೆ ಕೂತರು. ನಾನು ನಡುಮನೆಯ ಗೋಡೆಗೊರಗಿ ಕಾಲು ಚಾಚಿದೆ. ಮೂರ್ನಾಲ್ಕು ಹೋಳಿಗೆ ಬೇಯುವಷ್ಟರಲ್ಲಿ ಒಳಗಿನ ಗೊಣಗಾಟ ನಿಂತಿತು. ಆಮೇಲೆ ಅತ್ತೆಯವರ ಮೆತ್ತಗಿನ ದನಿ ಕೇಳಿಸಿತು.

“ರೀ, ಇಲ್ಲಿ ಸ್ವಲ್ಪ ಬನ್ನಿ. ನನಗೂ ಒಂದು ಆಶೀರ್ವಾದ ಮಾಡಿಬಿಡಿ.”