ಒಬ್ಬರೇ ಒಂದು ಸುತ್ತು

ಮೂರನೆಯ ಸಲವೂ ವಿಮಾನ ನೆಲಕ್ಕೆ ಬಡಿದು ಆಳೆತ್ತರ ಪುಟಿಯಿತು. ಮುಂದಿನ ಸೀಟಿನಲ್ಲಿ ಕೂತು ಹಾರಾಟ ಕಲಿಸುತ್ತಿದ್ದ ಜಾಫರ್ ಸಾಹೇಬರು ತಾವೇ ಹಿಡಿಕೋಲು ಹಿಡಿದು, ಹೇಗೋ ಸಂಭಾಳಿಸಿ, ಜಕ್ಕೂರು ಮೈದಾನದ ಅಂಚಿಗೆ ತಂದು ನಿಲ್ಲಿಸಿದರು. ಆಮೇಲೆ, ಇಂಜಿನ್ನಿನ ಸದ್ದಿನಲ್ಲೂ ಶಿಷ್ಯನ ಕಿವಿಗೆ ಮಾತು ಮುಟ್ಟಿಸುವ ರಬ್ಬರ್ ಕೊಳವೆಯಲ್ಲಿ ಕೇಳಿದರು:

"ಬೇಕಂತ್ಲೇ ಮಾಡಿದ್ರಿ, ಅಲ್ವಾ ಮೇಷ್ಟ್ರೇ?"

ಹಿಂದಿನ ಸೀಟಿನಲ್ಲಿದ್ದವರು ವೆಂಕಟರಾಮಯ್ಯ. ಯಲಹಂಕದ ಹೈಸ್ಕೂಲಿನಲ್ಲಿ ಗಣಿತ ಹೇಳುವ ಅವರಿಗೆ ಆಗ ನಲವತ್ತೆರಡು. ಹೆಂಡತಿ ಸುಬ್ಬಮ್ಮ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು, ಮಕ್ಕಳಿರಲಿಲ್ಲ. ಭಾನುವಾರ ಮನೆಯಲ್ಲಿ ಕೂರಲಾಗದೆ ಒಮ್ಮೆ ಸೈಕಲ್ ತುಳಿದುಕೊಂಡು ಈ ಮೈದಾನಕ್ಕೆ ಬಂದವರು, ಹವ್ಯಾಸಕ್ಕೆಂದು ಹಾರುವವರಿಗೂ ಲೈಸೆನ್ಸ್ ಸಿಗುತ್ತದೆಂದು ತಿಳಿದು ಹೆಸರು ಬರೆಸಿದ್ದರು. ಕಲಿಕೆ ಚುರುಕಾಗಿಯೇ ಸಾಗಿತ್ತು. ಒಬ್ಬರೇ ಹಾರಬೇಕಾದ ದಿನ ಹತ್ತಿರವಾದಂತೆ, ಯಾಕೋ, ಇಳಿಸುವುದು ಮಾತ್ರ ಕೆಡುತ್ತ ಬಂತು.

ಜಾಫರ್ ಕೆಳಗಿಳಿದು ಅವರ ಪಕ್ಕಕ್ಕೆ ಬಂದು ನಿಂತರು. "ರೀ, ಮೇಲಿರೋವಾಗ ಕೈ ಬೆಣ್ಣೆ ಥರ ಆಡತ್ತೆ. ನೆಲ ಕಂಡ ಕೂಡ್ಲೇ ಏನಾಗತ್ತೆ ನಿಮ್ಗೆ? ಇವತ್ತೂ ಒಬ್ರೇ ಹೋಗಿಲ್ಲ ಅಂದ್ರೆ ಹೆಸರು ಹೊಡೆದಾಕ್ತಾರೆ. ಕಾಯ್ತಿರೋರು ಬಹಳ ಜನ ಇದಾರೆ. ಹೆದರಿಕೇನಾ?"

"ಹೆದರಿಕೆ ಅಲ್ಲ ಸಾಹೇಬ್ರೇ."

"ಮತ್ತೇನು?"

ವೆಂಕಟರಾಮಯ್ಯ ಗಾಳಿಗನ್ನಡಕವನ್ನು ಹಣೆಗೆ ಏರಿಸಿಕೊಂಡರು. "ವಾರವೆಲ್ಲ ಹುಡುಗರ ಮುಂದೆ ನಾನೇ ಮಾತಾಡ್ತೀನಿ. ಮನೆಗೋದ್ರೆ ಅದೂ ಇಲ್ಲ. ಇಲ್ಲಿ ಬಂದು ಕೂತ್ರೆ ಕಿವೀಲಿ ಒಬ್ರು ಮಾತಾಡ್ತಾರೆ. ಎಡಕ್ಕೆ ತಗೊಳ್ಳಿ, ಮೂಗು ಇಳಿಸಿ, ನಿಧಾನ ಅಂತ..."

"ಅರೆ, ಬೈತಿರ್ತೀನಲ್ರೀ ನಾನು!"

"ಬೈದ್ರೂ ಸರಿ."

ಜಾಫರ್ ಮುಂದಿನ ಸೀಟಿನೊಳಕ್ಕೆ ಬಗ್ಗಿ, ತಾವು ಮೈಗೆ ಬಿಗಿದುಕೊಳ್ಳುವ ಪಟ್ಟಿಗಳು ಹಿಡಿಕೋಲಿಗೆ ಸಿಕ್ಕಿಕೊಳ್ಳದಂತೆ ಖಾಲಿ ಸೀಟಿಗೇ ಬಿಗಿದು ಕಟ್ಟಿದರು. "ಒಂದೇ ಸುತ್ತು. ಹೋಗ್ಬನ್ನಿ" ಎಂದು ವಿಮಾನದ ಪಕ್ಕೆಯನ್ನು ತಟ್ಟಿ, ತಿರುಗಿ ನೋಡದೆ ನಡೆದುಬಿಟ್ಟರು.

ಜಾಫರರ ಭಾರವಿಲ್ಲದ ವಿಮಾನ ಎಣಿಸಿದ್ದಕ್ಕಿಂತ ಬೇಗ ನೆಲ ಬಿಟ್ಟಿತು. ಸದಾ ಕಣ್ಣೆದುರು ಇರುತ್ತಿದ್ದ ಚರ್ಮದ ಟೋಪಿಯ ತಲೆ ಇರಲಿಲ್ಲ. ಅಲ್ಲಿ ಬರೀ ಆಕಾಶ. ಎಡಕ್ಕೆ ತಿರುಗಿಸಿದರು. ಕೆಳಗೆ ಜಕ್ಕೂರು ಕೆರೆ, ರಾಗಿ ಹೊಲ, ದೂರದಲ್ಲಿ ಯಲಹಂಕದ ರೈಲು ಹಳಿ. ಕೊಳವೆಯಲ್ಲಿ ಗಾಳಿಯ ಗುಂಯ್‌ಗುಡುವಿಕೆ ಬಿಟ್ಟು ಏನೂ ಇಲ್ಲ. "ಮೂಗು ಇಳಿಸಿ. ನಿಧಾನ" ಎಂದು ತಮಗೆ ತಾವೇ ಹೇಳಿಕೊಂಡರು. ತಮ್ಮ ದನಿಗೆ ತಾವೇ ಬೆಚ್ಚಿದರು. ಸುತ್ತಲೂ ಎಲ್ಲಿಯೂ ಅದನ್ನು ಕೇಳಿಸಿಕೊಳ್ಳುವ ಜೀವವಿರಲಿಲ್ಲ.

"ಸುಬ್ಬಮ್ಮ" ಎಂದರು.

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅವಳನ್ನು ಹೆಸರು ಹಿಡಿದು ಕರೆದವರಲ್ಲ. ಮೊದಮೊದಲು ಮನೆಯಲ್ಲಿ ಹಿರಿಯರಿದ್ದರು. ಹಿರಿಯರು ಹೋದ ಮೇಲೂ 'ಇವಳೇ' ಎಂಬುದೇ ಉಳಿದುಬಿಟ್ಟಿತು. ಆಸ್ಪತ್ರೆಯಲ್ಲಿ ಕೊನೆಯ ದಿನವೂ "ಇವಳೇ, ನೀರು ಬೇಕಾ?" ಎಂದೇ ಕೇಳಿದ್ದರು. ಈಗ ಗಂಟಲೆತ್ತಿ ಕೂಗಿದರು. "ಸುಬ್ಬಮ್ಮಾ! ನೋಡೇ, ನಮ್ಮ ಬೀದಿ ಕಾಣ್ತಿದೆ. ನಿನ್ನ ಕರಿಬೇವಿನ ಗಿಡ ಒಣಗಿಸಿಬಿಟ್ಟೆ ಕಣೇ. ನೀರು ಹಾಕ್ಬೇಕು ಅನ್ನೋದೇ ಮರ್ತುಹೋಗಿತ್ತು. ಸಾರಿಗೆ ಹುಣಿಸೆಹಣ್ಣು ಎಷ್ಟು ಅಂತ ಇವತ್ತಿಗೂ ಗೊತ್ತಾಗಿಲ್ಲ..." ಗಾಳಿಗನ್ನಡಕದೊಳಗೆ ಕಣ್ಣು ಮಂಜಾಯಿತು. ಅದನ್ನೆತ್ತಿ ಕಣ್ಣು ಒರೆಸಿಕೊಂಡು, ಇಂಜಿನ್ ತಗ್ಗಿಸಿ ಮೈದಾನಕ್ಕೆ ತಿರುಗಿದರು. ಚಕ್ರ ಹುಲ್ಲು ಮುಟ್ಟಿದ್ದು ಅವರಿಗೇ ತಿಳಿಯಲಿಲ್ಲ.

ಜಾಫರ್ ಎರಡೂ ಕೈ ಎತ್ತಿಕೊಂಡು ಓಡಿ ಬಂದರು. "ಶಹಬ್ಬಾಸ್ ಮೇಷ್ಟ್ರೇ! ನಾನಿಳಿಸಿದ್ರೂ ಇಷ್ಟು ಚೆನ್ನಾಗಿ ಆಗ್ತಿರ್ಲಿಲ್ಲ!" ಹತ್ತಿರ ಬಂದು ಅವರ ಮುಖ ನೋಡಿದ್ದೇ ದನಿ ತಗ್ಗಿಸಿದರು. "ಬನ್ನಿ, ಇನ್ನೊಂದು ಸುತ್ತು ಹೋಗೋಣ. ನಾನೂ ಕೂತ್ಕೋತೀನಿ. ಪಾಠ ಗೀಠ ಏನಿಲ್ಲ, ಸುಮ್ನೆ ಮಾತಾಡ್ಕೊಂಡು ಬರೋಣ." ರೆಕ್ಕೆಯ ಮೇಲೆ ಕಾಲಿಟ್ಟು, ಕಟ್ಟಿದ್ದ ಪಟ್ಟಿಗಳನ್ನು ಬಿಚ್ಚತೊಡಗಿದರು.

ವೆಂಕಟರಾಮಯ್ಯ ಕೈ ಚಾಚಿ ಅವರ ತೋಳು ಹಿಡಿದರು.

"ಬೇಡ ಸಾಹೇಬ್ರೇ. ಒಬ್ನೇ ಹೋಗ್ತೀನಿ. ಮಾತು ಇನ್ನೂ ಮುಗಿದಿಲ್ಲ."