ಗಿರಣಿ ಪಾಳಿಯ ಹಾಡು

ಹುಬ್ಬಳ್ಳಿಯ ಎಲ್ಲ ಯಂತ್ರಗಳಂತೆ ಆ ಓಣಿಯ ಹಿಟ್ಟಿನ ಗಿರಣಿಯೂ ಹಾಡಿನಿಂದಲೇ ನಡೆಯುತ್ತಿತ್ತು. ಪಾಳಿಯಲ್ಲಿ ನಿಂತವರು ಮನಸಾರೆ ಹಾಡಿದರೆ ಕಲ್ಲು ತಿರುಗುತ್ತಿತ್ತು. ಒಬ್ಬರು ಬೇಸರದಿಂದ ಹಾಡಿದರೂ ನಿಂತುಬಿಡುತ್ತಿತ್ತು.

ಅಂದು ಜೋಳದ ಡಬ್ಬಿ ಹಿಡಿದು ಪಾಳಿಗೆ ಬಂದವರು ಎಲೀಷ ಹಂಚಿನಮನಿ. ಒಂದು ಕಾಲಕ್ಕೆ ಅವರ ಗಿಟಾರು, ಅವರೇ ಕಟ್ಟಿದ ‘ಕೆಂಪು ಎಂಜಿನ್’ ಎಂಬ ರಾಕ್ ಹಾಡು ಗದಗಿನವರೆಗೂ ರೈಲು ಓಡಿಸಿದ್ದವು. ಅವರು ಹೊಸ ಹಾಡು ಕಟ್ಟದೆ ಒಂಬತ್ತು ವರ್ಷವಾಗಿತ್ತು.

ಅವರನ್ನು ಕಂಡು ಪಾಳಿಯ ಹೆಂಗಸರು ಖುಷಿಯಿಂದ ‘ಕೆಂಪು ಎಂಜಿನ್’ ಹಾಡನ್ನೇ ಎತ್ತಿಕೊಂಡರು. ಎಲೀಷರೂ ದನಿಗೂಡಿಸಿದರು. ಕಲ್ಲು ಅಲುಗಲಿಲ್ಲ.

“ಬ್ಯಾಸರ ಮಾಡ್ಕೋಬ್ಯಾಡ್ರಿ ಕಾಕಾ,” ಎಂದಳು ಗಿರಣಿ ನಡೆಸುವ ದಿಲ್‌ಶಾದ್. “ನಿನ್ನೆ ಇವರೆಲ್ಲಾ ಇದ ಹಾಡಿಗೆ ಎರಡು ಚೀಲ ಬೀಸ್ಯಾರ. ಹಾಡು ಸಾಕಾಗಿದ್ದು ನಿಮಗ.”

ಎಲೀಷರು ಸಿಟ್ಟಿನಿಂದ ಡಬ್ಬಿಯನ್ನು ಬೆರಳಿನಿಂದ ಬಡಿದರು. ಒಳಗೆ ಜೋಳ ಜಲ್ಲೆಂದಿತು. ಆ ಸದ್ದು ಕಿವಿಗೆ ಹಿತವಾಗಿ ಮತ್ತೆ ಬಡಿದರು. “ಪಾಳಿ ಬರಲಿಲ್ಲ, ರೊಟ್ಟಿ ಬೇಯಲಿಲ್ಲ,” ಎಂದು ಬಾಯಿಗೆ ಬಂದದ್ದನ್ನು ಹಾಡಿದರು. ಹಿಂದೆ ನಿಂತಿದ್ದ ಮುದುಕಿ ನಕ್ಕು, ತನ್ನ ಡಬ್ಬಿಯನ್ನೂ ಬಡಿಯುತ್ತ, “ಸೊಸಿ ಸಿಟ್ಟು ಇಳಿಯಲಿಲ್ಲ,” ಎಂದು ಸೇರಿಸಿದಳು. ಪಾಳಿಯೆಲ್ಲ ಡಬ್ಬಿ ಬಡಿಯತೊಡಗಿತು. ಕಲ್ಲು ಗುಡುಗುತ್ತ ಎಂದಿಗಿಂತ ಜೋರಾಗಿ ತಿರುಗಿತು. ಎದುರಿನ ಕಟಿಂಗ್ ಅಂಗಡಿಯ ಫ್ಯಾನು ತಾನಾಗಿ ತಿರುಗಿತು.

“ನಿಲ್ಲಸ್ರಿ ಕಾಕಾ,” ದಿಲ್‌ಶಾದ್ ಕೂಗಿದಳು. “ಹಿಟ್ಟು ಸುಡಾಕತ್ತೈತಿ. ಜಿಗಿ ಹೋದ್ರ ರೊಟ್ಟಿ ಹರೀತಾವ.”

“ಹರೀಲಿ ಬಿಡವಾ,” ಎಂದರು ಎಲೀಷ, ಬಡಿಯುವುದನ್ನು ಬಿಡದೆ. “ಹಾಡಿನ ಎರಡನೇ ನುಡಿ ಈಗ ಬರಾಕತ್ತೈತಿ.”