ತಟ್ಟೆಯಲ್ಲಿದ್ದ ಗಂಡು ಕೋಶ

ಪ್ರಯೋಗಾಲಯದ ಸಹಾಯಕ ಮಯೂರನ ಮಾತು ಸುಳ್ಳಿರಬೇಕು, ಇಲ್ಲವೇ ಎಲುಬಿನ ಮಜ್ಜೆ ಕೊಟ್ಟ ಹೆಣ್ಣುಮಗಳ ಮಾತು ಸುಳ್ಳಿರಬೇಕು. ಎರಡೂ ಖರೆಯಾಗಲು ಸಾಧ್ಯವಿರಲಿಲ್ಲ.

ಮುಖ್ಯಸ್ಥರಾದ ಡಾ. ಬಂಡೆಪ್ಪನವರಿಗೆ ಅನುಮಾನವೇ ಇರಲಿಲ್ಲ. “ಹೆಂಗಸಿನ ಕೋಶದಾಗ ಗಂಡಸಿನ ಪ್ರೋಟೀನು ಎಲ್ಲಿಂದ ಬಂತ್ರೀ? ನಿಮ್ಮ ಮಯೂರ ತಟ್ಟಿ ಅದಲಿ ಬದಲಿ ಮಾಡ್ಯಾನ. ಸೋಮವಾರದಿಂದ ಬರೂದು ಬ್ಯಾಡಂತ ಹೇಳಿಬಿಡ್ರಿ” ಎಂದು ಸುಮನ್‌ಗೆ ಹೇಳಿ ಎದ್ದು ಹೋದರು.

ಸುಮನ್ ಕುಳಿತೇ ಇದ್ದಳು. ಏಳಲು ಮೈ ಒಪ್ಪಲಿಲ್ಲ. ಬೆಳಗಾವಿ ಕೋಟೆಯ ಹತ್ತಿರದ ಆ ಸಣ್ಣ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಅವಳದು ಒಂದೇ ಕೆಲಸ. ಮಜ್ಜೆಯಿಂದ ಕಾಂಡಕೋಶಗಳನ್ನು, ಎಂದರೆ ಸ್ಟೆಮ್ ಸೆಲ್‌ಗಳನ್ನು, ಬೇರ್ಪಡಿಸಬೇಕು. ಒಂದೊಂದು ಕೋಶವನ್ನೂ ಒಂದೊಂದು ತಟ್ಟೆಯಲ್ಲಿಟ್ಟು ಲಕ್ಷಾಂತರವಾಗಿ ಬೆಳೆಸಬೇಕು. ಅವು ಯಾವ ಯಾವ ಪ್ರೋಟೀನು ತಯಾರಿಸುತ್ತವೆಂದು ಯಂತ್ರದಲ್ಲಿ ಹಾಕಿ ನೋಡಬೇಕು. ಆ ದಾನಿಯ ತಟ್ಟೆಗಳೆಲ್ಲ ಸರಿಯಾಗಿಯೇ ಇದ್ದವು, ಒಂದನ್ನು ಬಿಟ್ಟು. ಆ ಒಂದರಲ್ಲಿ, ಗಂಡಸರ ಕೋಶ ಮಾತ್ರ ತಯಾರಿಸಬಲ್ಲ ಪ್ರೋಟೀನು ಸಿಕ್ಕಿತ್ತು.

ದಾನಿ ಯಾರೆಂಬುದು ಸುಮನ್ ಒಬ್ಬಳಿಗೇ ಗೊತ್ತು. ಉಳಿದವರಿಗೆ ಆಕೆ ಬರೀ ಒಂದು ಸಂಖ್ಯೆ. ಅಲ್ಲಿನ ನಿಯಮವೇ ಹಾಗಿತ್ತು.

ಮಯೂರ ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ನಾ ಅದಲಿ ಬದಲಿ ಮಾಡಿಲ್ರೀ ಮೇಡಂ. ಖರೇ ಹೇಳತೀನಿ.”

“ನನಗ ಗೊತ್ತೈತಿ.”

“ಹಂಗಾರ ಸರ್ ಮುಂದ ಹೇಳ್ರಲ್ಲಾ.”

ಹೇಗೆ ಹೇಳುವುದು? ಶೈತ್ಯದಲ್ಲಿಟ್ಟಿದ್ದ ಮಜ್ಜೆ ತೆಗೆದು, ಮಯೂರನನ್ನು ಹತ್ತಿರ ಬಿಡದೆ, ತಾನೇ ಮತ್ತೊಮ್ಮೆ ಕೋಶ ಬೆಳೆಸಿ ನೋಡಿದ್ದಳು. ಮತ್ತೆ ಅದೇ ಪ್ರೋಟೀನು. ಇದಕ್ಕೆ ಉಳಿದ ವಿವರಣೆ ಒಂದೇ. ಬಸಿರಿನಲ್ಲಿರುವ ಮಗುವಿನ ಕೆಲವು ಕೋಶಗಳು ತಾಯಿಯ ರಕ್ತಕ್ಕೆ ದಾಟುತ್ತವೆ. ಮಜ್ಜೆಯಲ್ಲಿ ಮನೆ ಮಾಡಿಕೊಂಡು ದಶಕಗಟ್ಟಲೆ ಬದುಕುತ್ತವೆ. ಹೊತ್ತದ್ದು ಗಂಡಾದರೆ ಆ ಕೋಶವೂ ಗಂಡೇ.

ಆದರೆ ಈ ದಾನಿ ಬಸಿರಾದದ್ದು ಒಂದೇ ಸಲ. ಏಳನೇ ತಿಂಗಳಲ್ಲಿ ಹೋಯಿತು. ಹೆಣ್ಣು ಕೂಸು. ಇಷ್ಟು ವರ್ಷ ಆಕೆ ಯಾರು ಕೇಳಿದರೂ ಹೇಳುತ್ತ ಬಂದದ್ದು ಅದನ್ನೇ.

ಭಾನುವಾರ ಸುಮನ್ ಖಾನಾಪುರದ ಬಸ್ಸು ಹತ್ತಿದಳು. ಹತ್ತುವಾಗ ಕಂಬಿ ಹಿಡಿದು ಒಂದು ಕಾಲಿಟ್ಟು, ಇನ್ನೊಂದನ್ನು ಎಳೆದುಕೊಂಡಳು. ಕಿಟಕಿಗೆ ತಲೆ ಆನಿಸಿದವಳು ಖಾನಾಪುರ ಬರುವವರೆಗೂ ಎತ್ತಲಿಲ್ಲ. ದಾನಿಯನ್ನು ಅಂದು ಸೇರಿಸಿದ್ದ ಅಲ್ಲಿನ ಹೆರಿಗೆ ಆಸ್ಪತ್ರೆ ಎಂದೋ ಮುಚ್ಚಿಹೋಗಿತ್ತು. ಆಗಿನವರಲ್ಲಿ ಉಳಿದಿದ್ದವಳು ಲಕ್ಷ್ಮೀ ಎಂಬ ನರ್ಸ್ ಒಬ್ಬಳೇ. ಸಂತೆಪೇಟೆಯಲ್ಲಿ ಕೇಳಿದಾಗ ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮರಾಠಿಯಲ್ಲಿ ದಾರಿ ಹೇಳಿದರು.

ಲಕ್ಷ್ಮೀ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

“ಬರ್ರಿ, ಕುಂದರ್ರಿ. ಭಾಳ ದಣದೀರಿ.”

“ಹೌದ್ರಿ ಅಕ್ಕಾರ.” ಸುಮನ್ ಕುರ್ಚಿಯಲ್ಲಿ ಮೆಲ್ಲಗೆ ಕುಳಿತು, ತಾನು ಬೆಳಗಾವಿಯಲ್ಲಿ ಸಂಶೋಧನೆ ಮಾಡುವವಳೆಂದು ಹೇಳಿದಳು. ಆಮೇಲೆ ಕೇಳಿದಳು: “ಭಾಳ ವರ್ಷದ ಹಿಂದ, ಗೋವಾ ರಸ್ತಾದ ಮ್ಯಾಲ ಸ್ಕೂಟರ್ ಬಿದ್ದು, ಒಬ್ಬ ಬಸರಿ ಹೆಣಮಗಳನ್ನ ನಿಮ್ಮ ದವಾಖಾನಿಗೆ ತಂದಿದ್ರು. ನೆನಪೈತೇನ್ರಿ?”

ಲಕ್ಷ್ಮೀಯ ಕೈ ಮೊರದಲ್ಲೇ ನಿಂತಿತು.

“ಮರಿಯಾಕ ಆಗತೈತೇನ್ರಿ? ಸೊಂಟದ ಎಲಬು ಮುರದಿತ್ತು. ಎಚ್ಚರ ಇರಲಿಲ್ಲ. ಹೊಟ್ಟ್ಯಾಗಿನ ಕೂಸು ಆಗಲೇ ಹೋಗಿತ್ತು. ಅದನ್ನ ತಗದು, ಆಕಿನ್ನ ಹಂಗ ಬೆಳಗಾವಿಗೆ ಕಳಿಸಿದ್ವಿ. ಮಾರಿ ತುಂಬ ರಕ್ತ, ಪಟ್ಟಿ. ಹೆಂಗಿದ್ಲು ಅಂತನೂ ನಾ ನೋಡಲಿಲ್ಲ. ಆಕಿನ ಕಳಿಸಿದ್ಲೇನು ನಿಮ್ಮನ್ನ?”

“ಹಂಗ ಅನ್ಕೊಳ್ರಿ. ಹೆಣ್ಣು ಕೂಸಂತಲ್ರೀ?”

“ಯಾರು ಹೇಳಿದ್ರು?”

“ಆಕಿನ ಹೇಳತಾಳ.”

“ಆಕಿಗೇನು ಗೊತ್ರೀ ಪಾಪ?” ಲಕ್ಷ್ಮೀ ಮೊರವನ್ನು ಬದಿಗೆ ಸರಿಸಿದಳು. “ಗಂಡು ಕೂಸು ಇತ್ತು. ತಲಿ ತುಂಬ ಕೂದಲಾ. ಆಕಿ ಗಂಡ ನನಗ ಕೈ ಮುಗದ. ‘ಸಿಸ್ಟರ್, ನಮ್ಮವ್ವ ಮೊಮ್ಮಗನ ಸಲುವಾಗಿ ಹರಕಿ ಹೊತ್ತು ಕುಂತಾಳ. ಗಾಡಿ ಹೊಡದಾಕಿ ಇಕಿನ. ಗಂಡಂತ ಗೊತ್ತಾದ್ರ ಮನ್ಯಾಗ ಯಾರೂ ಇಕಿನ್ನ ಬಾಳಾಕ ಬಿಡಂಗಿಲ್ಲ. ಹೆಣ್ಣಂತ ಹೇಳ್ರಿ’ ಅಂದ.”

“ಹೆಣ್ಣಾದ್ರ ಯಾರೂ ಕೇಳೂದಿಲ್ಲಂತ.”

“ಹೂಂ. ಖರೇನೂ ಆತಲ್ರೀ, ಯಾರೂ ಕೇಳಲಿಲ್ಲ. ಮಲಪ್ರಭಾ ದಂಡಿಗೆ ತನ್ನ ಕೈಯಾರೆ ಕುಣಿ ತೋಡಿ ಇಟ್ಟುಬಂದ. ಹೆಂಗದಾನ ಆ ಮನಷ್ಯಾ?”

“ಇಲ್ರಿ. ಕರೋನಾದಾಗ ತೀರಿಕೊಂಡ್ರು. ಕಡೀತನಕ ಬಾಯಿ ಬಿಡಲಿಲ್ಲ.”

ಸುಮನ್ ಫೋನು ತೆಗೆದು ಮಯೂರನಿಗೆ ಹಚ್ಚಿದಳು.

“ನಾಳಿ ಕೆಲಸಕ್ಕ ಬಾ. ಸರ್ ಮುಂದ ನಾ ಮಾತಾಡತೀನಿ. ತಟ್ಟಿ ಅದಲಿ ಬದಲಿ ಆಗಿಲ್ಲ.”

“ಹಂಗಾರ ಯಾರ ಕೋಶ ರೀ ಮೇಡಂ ಅವು?”

“ದಾನಿ ಮಗಂದು.”

“ಅಂವಾ ಅದಾನೇನ್ರಿ?”

“ಒಂದು ತಟ್ಟ್ಯಾಗ ಅದಾನ. ಕಾವು ಕಡಿಮಿ ಆಗದಂಗ ನೋಡ್ಕೊ.”

ಫೋನಿಟ್ಟಾಗ ಲಕ್ಷ್ಮೀ ಅವಳ ಕೈ ಹಿಡಿದುಕೊಂಡಳು. “ಆಕಿ ಮುಂದ ಮಾತ್ರ ಇದನ್ನ ಹೇಳಬ್ಯಾಡ್ರಿ ಬಾಯಾರ. ಇಷ್ಟು ವರ್ಷ ಆದಮ್ಯಾಲ ಆ ಹೆಣಮಗಳು ತಾಳಂಗಿಲ್ಲ.”

“ತಾಳ್ಯಾಳ್ರೀ ಅಕ್ಕಾರ” ಎಂದಳು ಸುಮನ್. “ನಿಮ್ಮ ಮುಂದನ ಕುಂತಾಳ.”